ಕೊಟ್ಟ ಗಿಡಕ್ಕೆ ಥ್ಯಾಂಕ್ಸ್ ಹೇಳಬಾರದು

ಕೆಟಲ್ ಕುದಿದು ಟಕ್ಕೆಂದು ತಾನಾಗಿಯೇ ಆರಿತು. ‘ಥ್ಯಾಂಕ್ಸ್’ ಎಂದ ಕ್ಲೆಮ್. ಎಂದ ಮೇಲೆ ನೆನಪಾಯಿತು, ಇವತ್ತು ಶನಿವಾರ, ಬೆರಿಲ್ ಬರುತ್ತಾಳೆ. ಕೆಟಲ್‌ಗೆ ಥ್ಯಾಂಕ್ಸ್ ಹೇಳುವುದರಲ್ಲಿ ಅವನಿಗೆ ಹೊಸದೇನೂ ಇರಲಿಲ್ಲ. ಕ್ರೆಸ್‌ವಿಕ್ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಅವನ ಆಯುಷ್ಯದ ಮುಕ್ಕಾಲು ಪಾಲು ಕಳೆದಿತ್ತು. ಕಿಟಕಿಯಲ್ಲಿ ಒಂದು ಮುಖ ಕಾಣುತ್ತದೆ, ಅಂಚೆಚೀಟಿ ಹರಿಯುತ್ತದೆ, ಮೊಹರು ಬೀಳುತ್ತದೆ, ಥ್ಯಾಂಕ್ಸ್, ಮುಂದಿನವರು ಬನ್ನಿ. ನಿವೃತ್ತಿಯಾದ ದಿನ ಮೊಹರು, ಪ್ಯಾಡು, ತಕ್ಕಡಿ ಎಲ್ಲವನ್ನೂ ಒಪ್ಪಿಸಿ ಬಂದ, ಆ ಮಾತನ್ನು ಒಪ್ಪಿಸಲು ಮಾತ್ರ ಮರೆತ. ಅದೀಗ ಮಾಲೀಕನಿಲ್ಲದ ನಾಯಿಯ ಹಾಗೆ ಅವನ ಬಾಯಲ್ಲೇ ಮನೆ ಮಾಡಿಕೊಂಡು, ಬಂದವರಿಗೆಲ್ಲ ಬಾಲ ಆಡಿಸುತ್ತಿತ್ತು. ಬ್ಯಾಂಕಿನ ಹಣದ ಯಂತ್ರಕ್ಕೆ ಹೇಳುತ್ತಿದ್ದ. ತಲೆಗೆ ಕುಕ್ಕಲು ಬಂದು ಗುರಿ ತಪ್ಪಿದ ಮ್ಯಾಗ್‌ಪೈ ಹಕ್ಕಿಗೆ ಹೇಳುತ್ತಿದ್ದ. ಹಲ್ಲು ಕಿತ್ತ ಡಾಕ್ಟರಿಗೆ ಬಾಯಿ ತುಂಬ ಹತ್ತಿಯಿದ್ದಾಗಲೇ ಹೇಳಿ, ಹತ್ತಿ ನುಂಗಿ, ಮತ್ತೆ ಹೇಳಿದ್ದ. ಇದೆಲ್ಲ ಊರಿಗೆ ನಗೆಯ ವಿಷಯ. ಆದರೆ ಆ ಮಾತನ್ನು ಹೇಳಲೇಬಾರದ ಎರಡು ಜಾಗಗಳಲ್ಲಿ ಹೇಳಿಬಿಟ್ಟಿದ್ದ. ಆ ಎರಡಕ್ಕೂ ಸಾಕ್ಷಿಯಾಗಿದ್ದವಳು ಹೆಂಡತಿಯ ಅಕ್ಕ ಬೆರಿಲ್. ಅವಳು ಮೊನ್ನೆ ಫೋನಿನಲ್ಲಿ ‘ಶನಿವಾರ ಬರ್ತೀನಿ ಕಣೋ. ಅಮ್ಮನ ಫ್ಲಾಕ್ಸ್ ವಿಷಯ’ ಎಂದಷ್ಟೇ ಹೇಳಿ ಇಟ್ಟಿದ್ದಳು. ಇಟ್ಟ ಫೋನಿಗೂ ಇವನು ಥ್ಯಾಂಕ್ಸ್ ಹೇಳಿದ್ದ.

ಅಮ್ಮನ ಫ್ಲಾಕ್ಸ್ ವಿಷಯ ಅಂದರೆ ಇನ್ನೇನಿರುತ್ತದೆ? ಒಂದು ತುಂಡು ಬೇಕು ಅಂತ. ಕ್ಲೂನ್ಸ್‌ನಲ್ಲಿದ್ದ ಅತ್ತೆಯ ಮನೆ ಮಾರಿಹೋಗಿ, ಕೊಂಡವರು ಹೂವಿನ ಪಾತಿಯ ಮೇಲೆಲ್ಲ ಕಾಂಕ್ರೀಟು ಸುರಿದು ದೋಣಿ ನಿಲ್ಲಿಸಿಕೊಂಡ ಮೇಲೆ, ಆ ಬಿಳಿ ಹೂವಿನ ಫ್ಲಾಕ್ಸ್ ಗಿಡ ಭೂಮಿಯ ಮೇಲೆ ಉಳಿದದ್ದು ಇವನ ಹಿತ್ತಿಲಲ್ಲಿ ಮಾತ್ರ. ಅಥವಾ ಉಳಿದಿದೆ ಎಂದು ಎಲ್ಲರೂ ನಂಬಿದ್ದರು. ಕ್ಲೆಮ್ ಟೀ ಲೋಟ ಹಿಡಿದುಕೊಂಡೇ ಹಿತ್ತಿಲಿಗೆ ಇಳಿದ. ಫೆಬ್ರವರಿಯ ಕೊನೆ, ಅಂದರೆ ಈ ದೇಶದಲ್ಲಿ ಬೇಸಗೆಯ ಕೊನೆ, ಬಿಸಿ ಹೊತ್ತ ಬಡಗಣ ಗಾಳಿ ಎರಡು ದಿನ ಬೀಸಿ ಹುಲ್ಲನ್ನೆಲ್ಲ ಬಿಸ್ಕತ್ತು ಮಾಡಿಟ್ಟಿತ್ತು. ವಸಂತದಲ್ಲಿ ಕುಣಿದಾಡಿದ ಹೂವುಗಳೆಲ್ಲ ಯಾವತ್ತೋ ಸುಟ್ಟು ಮಲಗಿದ್ದವು. ಈಗ ನಿಂತಿದ್ದವು ತಡವಾಗಿ ಬರುವ ಗಿಡಗಳು, ಮದುವೆ ಊಟ ಮುಗಿಯುವ ಹೊತ್ತಿಗೆ ಬಂದು ಕೊನೆಯವರೆಗೂ ಕೂತು ಪಾತ್ರೆ ತೊಳೆದು ಹೋಗುವ ನೆಂಟರಂಥವು. ಕಪ್ಪು ಕಣ್ಣಿನ ಹಳದಿ ರುಡ್ಬೆಕಿಯಾ, ತುಕ್ಕು ಬಣ್ಣದ ಹೆಲೆನಿಯಮ್, ನಡುವೆ ಬಾಯಿಬಿಟ್ಟುಕೊಂಡು ನಾಲ್ಕೂ ಕಡೆ ಬಿದ್ದಿರುವ ಸೀಡಮ್, ಇನ್ನೂ ಮೊಗ್ಗು ಕಚ್ಚಿಕೊಂಡು ಹಬ್ಬಕ್ಕೆ ಕಾಯುತ್ತಿರುವ ಈಸ್ಟರ್ ಡೇಸಿ. ಇವಕ್ಕೆ ನೀರು ಎಲೆಯ ಮೇಲೆ ಬೀಳಬಾರದು, ಬೂದಿ ರೋಗ ಹತ್ತುತ್ತದೆ. ಬುಡಕ್ಕೇ, ನಿಧಾನವಾಗಿ, ಮಗುವಿಗೆ ಔಷಧಿ ಕುಡಿಸುವ ಹಾಗೆ. ಬುಡಕ್ಕೆ ಬಟಾಣಿ ಹುಲ್ಲು ಹೊದಿಸಬೇಕು. ಬಾಗಿದ್ದಕ್ಕೆ ಕೋಲು ಕೊಡಬೇಕು, ಆದರೆ ಕೋಲು ಕೊಟ್ಟದ್ದು ಯಾರಿಗೂ ಕಾಣಬಾರದು. ಬಾಡಿದ ಹೂವಿನ ತಲೆಗಳನ್ನು ದಿನಾ ಸಂಜೆ ಕತ್ತರಿಸಬೇಕು. ಎಲ್ಲ ಹೆಂಡತಿ ನೊರೀನ್ ಹೇಳಿಕೊಟ್ಟದ್ದು. ಅವಳು ಕೋಳಿ ಕತ್ತರಿಸುವ ಅಡುಗೆಮನೆಯ ಕತ್ತರಿಯನ್ನೇ ತಂದು ಕಚಕಚ ಎನಿಸುತ್ತಿದ್ದಳು. ‘ಅದರಲ್ಲೇ ನಾಳೆ ಕೋಳಿ ಮಾಡ್ತೀಯಲ್ಲೇ’ ಎಂದು ಇವನು ಮೆಟ್ಟಿಲ ಮೇಲೆ ಕೂತು ರೇಗಿಸುತ್ತಿದ್ದ. ‘ಕೋಳಿಗೆ ಹೂವಿನ ವಾಸನೆ ಬಂದ್ರೆ ನಿಂಗೇನು ಕಷ್ಟ? ಬೀಜ ಕಟ್ಟೋಕೆ ಬಿಡಬಾರದು ಕ್ಲೆಮ್. ಬಿಟ್ಟರೆ ಕೆಳಗೆ ಬಿದ್ದು ಮರಿ ಹುಟ್ಕೋತವೆ. ಮರಿಗಳು ತಾಯಿನ ತಿಂದುಬಿಡ್ತವೆ.’ ಅವಳು ಮಾತಾಡುತ್ತಲೇ ಇರುತ್ತಿದ್ದಳು, ಬಿಳಿ ತಲೆಗಳು ಬಕೆಟ್ಟಿಗೆ ಬೀಳುತ್ತಲೇ ಇರುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಆ ಬಿಳಿ ಫ್ಲಾಕ್ಸಿಗೆ ಲವಂಗ ಸೇರಿಸಿದ ಹಾಲಿನಂಥ ಒಂದು ವಾಸನೆ ಬರುತ್ತಿತ್ತು. ಈಗ ಅದೇ ಜಾಗದಲ್ಲಿ ಸೊಂಟದೆತ್ತರ ನಿಂತಿದ್ದ ಗೊಂಚಲುಗಳೆಲ್ಲ ಬೀಟ್‌ರೂಟ್ ರಸ ಚೆಲ್ಲಿದ ಬಣ್ಣ. ಒಂದೇ ಒಂದು ಬಿಳಿ ಇರಲಿಲ್ಲ.

‘ಏನಪ್ಪಾ ಕ್ಲೆಮ್, ಗಿಡದ ಸೂತಕ ಇನ್ನೂ ಕಳೀಲಿಲ್ವಾ?’ ಬೇಲಿಯಾಚೆಯಿಂದ ಪಕ್ಕದ ಮನೆಯ ಥೆಲ್ಮಾಳ ಹ್ಯಾಟು ಕೇಳಿತು. ಥೆಲ್ಮಾ ಕುಳ್ಳಿ, ಬೇಲಿಯ ಮೇಲೆ ಹ್ಯಾಟು ಮಾತ್ರ ಕಾಣುತ್ತಿತ್ತು.

‘ಇನ್ನೂ ಇಲ್ಲ.’

‘ಮುಂದಿನ ತಿಂಗಳು ಬ್ಯಾಲರಾಟ್‌ನವರದ್ದು ಇನ್ನೊಂದು ಬಸ್ ಬರುತ್ತಂತೆ, ನೋಡೋಕೆ. ಸ್ವಲ್ಪ ಕಳೆ ಕೀಳು ಮಾರಾಯ. ದುಃಖ ಇದೆ ಅಂತ ಹಿತ್ತಿಲು ಹೀಗಿಟ್ಕೊಂಡ್ರೆ ಜನ ನನ್ನ ಬೇಲಿ ಬಗ್ಗೆ ಏನಂತಾರೆ?’

‘ಥ್ಯಾಂಕ್ಸ್ ಥೆಲ್ಮಾ.’

‘ಬೈದ್ರೂ ಥ್ಯಾಂಕ್ಸ್ ಅಂತಾನೆ! ನಿನ್ನ ಜೊತೆ ಜಗಳಾನೂ ಆಡಕ್ಕಾಗಲ್ಲ’ ಎಂದು ಹ್ಯಾಟು ಬೇಲಿಯುದ್ದಕ್ಕೂ ತೇಲಿ ಹೋಯಿತು.

ಈ ಸೂತಕದ ಕಥೆ ಹುಟ್ಟಿಸಿದ್ದೇ ಥೆಲ್ಮಾ. ನೊರೀನ್ ಹೋದದ್ದು ಎರಡು ವರ್ಷದ ಹಿಂದಿನ ಜನವರಿಯಲ್ಲಿ, ಫ್ಲಾಕ್ಸಿನ ಮೊದಲ ಗೊಂಚಲು ಬಿಚ್ಚಿದ ವಾರ. ಆ ಬೇಸಗೆ ಕತ್ತರಿ ಅಡುಗೆಮನೆಯ ಮೊಳೆಯಲ್ಲೇ ನೇತಾಡಿತು. ಅದನ್ನು ತೆಗೆದುಕೊಂಡು ಹಿತ್ತಿಲಿಗೆ ಇಳಿಯುವುದು ಕ್ಲೆಮ್‌ನಿಂದ ಆಗಲಿಲ್ಲ. ತಲೆಗಳು ಬಾಡಿದವು, ಒಣಗಿದವು, ಬಿಸಿಲಿಗೆ ಚಿಟಚಿಟ ಸಿಡಿದವು. ಅವನು ಮೆಟ್ಟಿಲ ಮೇಲೆ ಕೂತು ಆ ಸದ್ದು ಕೇಳುತ್ತಿದ್ದ. ಮರುವರ್ಷ ಬಿಳಿಯ ನಡುವೆ ಅಲ್ಲಲ್ಲಿ ಕೆನ್ನೇರಳೆ. ಬೇಲಿಯಾಚೆಯ ಹ್ಯಾಟು, ‘ಅಯ್ಯೋ ಕ್ಲೆಮ್, ಅದು ನೊರೀನ್‌ಗೋಸ್ಕರ ದುಃಖ ಮಾಡ್ತಿದೆ ಕಣೋ, ಚರ್ಚಲ್ಲಿ ನೇರಳೆ ಬಟ್ಟೆ ಹೊದಿಸಲ್ವಾ ಹಾಗೆ’ ಎಂದಿತ್ತು. ಅಲ್ಲ ಎನ್ನಬಹುದಿತ್ತು. ಅವನು ಥ್ಯಾಂಕ್ಸ್ ಎಂದ. ಅಲ್ಲಿಂದ ಕಥೆಗೆ ಕಾಲು ಬಂತು. ಬೇಕರಿಗೆ ಹೋಯಿತು, ಚರ್ಚಿಗೆ ಹೋಯಿತು, ಅಲ್ಲಿ ಪಾದ್ರಿಯ ಬಾಯಿಗೆ ಬಿದ್ದು ಭಾನುವಾರದ ಪ್ರವಚನವಾಯಿತು. ಎರಡನೇ ಸಾಲಿನಲ್ಲಿ ಹೆಂಗಸರು ಮೂಗೊರೆಸಿಕೊಂಡರು. ಎಂದೂ ಅಳದ ಕಸಾಯಿಯವನು ಕೂಡ ಕೆಮ್ಮಿದ. ಆಮೇಲೆ ತೋಟಗಾರರ ಸಂಘದ ಬಸ್ ಬಂತು. ಸಂಘದವರಿಗೆ ನಿಜ ಗೊತ್ತಿರದೆ ಹೋಗಲು ಸಾಧ್ಯವೇ ಇರಲಿಲ್ಲ. ಫ್ಲಾಕ್ಸ್ ಬೆಳೆದವರಿಗೆಲ್ಲ ಗೊತ್ತು, ಅದು ಬಣ್ಣ ಬದಲಿಸುವುದಿಲ್ಲ. ಹಳೆಯದು ಸಾಯುತ್ತದೆ, ಬೀಜದ ಮರಿಗಳು ಆ ಜಾಗ ಹಿಡಿಯುತ್ತವೆ, ದೂರದಿಂದ ನೋಡಿದವರಿಗೆ ಅದೇ ಗಿಡದ ಹಾಗೆ ಕಾಣುತ್ತದೆ. ಆದರೂ ಸಂಘದವರೆಲ್ಲ ಸುಮ್ಮನೆ ನಿಂತು, ಟೋಪಿ ತೆಗೆದು, ಟೀ ಜೊತೆ ಸ್ಕೋನ್ ಬನ್ನು ತಿಂದು ಹೋದರು. ಕ್ಲೆಮ್ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಿದ. ಕಳೆದ ಚಳಿಗಾಲದಲ್ಲಿ ಅವನೇ ಒಂದು ದಿನ ಸಲಿಕೆ ಹಾಕಿ ನೋಡಿದ್ದ. ನಡುವೆ ಹಳೆಯ ಬುಡ, ಬಳಸಿ ಬಿಸಾಡಿದ ಮೈಯುಜ್ಜುವ ಹೀರೆನಾರಿನ ಹಾಗೆ ಟೊಳ್ಳಾಗಿ, ಮುಟ್ಟಿದರೆ ಪುಡಿ. ನೋಡಿದ, ಮಣ್ಣು ಮುಚ್ಚಿದ, ಸಲಿಕೆ ತೊಳೆದಿಟ್ಟ.

ಬೆರಿಲ್‌ಗೆ ಇದನ್ನು ಹೇಗೆ ಹೇಳುವುದು? ನಿನ್ನ ಅಮ್ಮ ಕೊಟ್ಟದ್ದನ್ನು, ನಿನ್ನ ತಂಗಿ ಜೀವಮಾನವಿಡೀ ಸಾಕಿದ್ದನ್ನು, ನಾನು ಒಂದು ಕತ್ತರಿ ಎತ್ತಲಾರದೆ ಸಾಯಿಸಿದೆ ಅಂತಲಾ? ಅತ್ತೆ, ಮಿಸೆಸ್ ರೋ, ಅದನ್ನು ಕೊಟ್ಟ ದಿನ ಅವನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿತ್ತು. ಮದುವೆಯಾದ ಹೊಸತು, ಹಿತ್ತಿಲೆಂದರೆ ಜಲ್ಲಿಕಲ್ಲು ಮತ್ತು ಮುರಿದ ಸೈಕಲ್ಲು. ಕ್ಲೂನ್ಸ್ ಬಸ್ಸಿನಲ್ಲಿ ಬಂದ ಅತ್ತೆಯ ಕಾಲಿಗೆ ಚರ್ಚಿಗೆ ಹಾಕುವ ಭಾನುವಾರದ ಬೂಟು, ತಲೆಗೆ ಭಾನುವಾರದ ಹ್ಯಾಟು, ಕಂಕುಳಲ್ಲಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ ಗಂಟು. ಸಮುದ್ರದಾಚೆಯ ಕಾರ್ನ್‌ವಾಲ್‌ನಿಂದ ಗಣಿ ಕೆಲಸದ ಗಂಡನ ಜೊತೆ ಬಂದ ಅಜ್ಜಿಯೊಬ್ಬಳಿಂದ ಇಳಿದು ಬಂದ ಗಿಡ. ಅತ್ತೆ ಕೊಟ್ಟರು. ಅಳಿಯ ಎರಡೂ ಕೈ ಚಾಚಿ ತೆಗೆದುಕೊಂಡು, ಕಿಟಕಿಯ ಹಿಂದಿನಿಂದಲೇ ಹೇಳುವಂತೆ, ‘ಥ್ಯಾಂಕ್ಸ್ ಮಿಸೆಸ್ ರೋ’ ಎಂದ. ನೊರೀನ್ ಕಣ್ಣು ಮುಚ್ಚಿಕೊಂಡಳು. ಬೆರಿಲ್ ‘ಸತ್ತ’ ಎಂದಳು. ಯಾರು ಸತ್ತರು ಎಂದು ಇವನು ಹಿಂದೆ ತಿರುಗಿ ನೋಡಿದ. ಅತ್ತೆ ಸಿಟ್ಟಾಗಲಿಲ್ಲ, ಅದೇ ಕೆಟ್ಟದಾಗಿತ್ತು. ‘ಕೊಟ್ಟ ಗಿಡಕ್ಕೆ ಥ್ಯಾಂಕ್ಸ್ ಹೇಳಬಾರದು ಕಣಪ್ಪ. ಥ್ಯಾಂಕ್ಸ್ ಅಂದ್ರೆ ಬಂದೋರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಇನ್ನು ಇದು ನಿಮ್ಮನೆ ಒಳಗೆ ಬರಲ್ಲ. ನೆಡು, ನೋಡೋಣ.’ ನೆಟ್ಟರು. ಚಳಿಗಾಲಕ್ಕೆ ಎಲ್ಲ ಫ್ಲಾಕ್ಸಿನ ಹಾಗೆ ಮಣ್ಣೊಳಗೆ ಹೋಯಿತು, ವಸಂತದಲ್ಲಿ ಸ್ವಲ್ಪ ತಡವಾಗಿಯಾದರೂ ಎದ್ದು ಬಂತು. ಕ್ಲೆಮ್ ಗೆದ್ದ. ಆದರೆ ಅತ್ತೆ ಬಂದಾಗಲೆಲ್ಲ ಮೊದಲು ಹಿತ್ತಿಲಿಗೆ ಹೋಗಿ, ಗಿಡ ನೋಡಿ, ಆಮೇಲೆ ಅವನ ಮುಖ ನೋಡಿ, ‘ಹ್ಞೂಂ’ ಎಂದಷ್ಟೇ ಅನ್ನುತ್ತಿದ್ದರು. ಆ ಹ್ಞೂಂಗೆ ಅವನು ಸಾಯುವಷ್ಟು ಹೆದರುತ್ತಿದ್ದ. ಅದೇ ವಸಂತದಲ್ಲಿರಬೇಕು, ಒಂದು ದಿನ ಅಂಚೆ ಕಚೇರಿಯ ಕಿಟಕಿಯಿಂದ ನೋಡಿದರೆ ಎದುರಿನ ಬಸ್ ನಿಲ್ದಾಣದಲ್ಲಿ ಅತ್ತೆ ಒಬ್ಬರೇ ನಿಂತಿದ್ದಾರೆ, ಭಾನುವಾರದ ಬೂಟಿನ ತುಂಬ ಕೆಸರು. ಇವನು ಕೈಯೆತ್ತಿದ. ಅವರು ನೋಡಿಯೂ ನೋಡದವರಂತೆ ಮುಖ ತಿರುಗಿಸಿ ಬಸ್ ಹತ್ತಿದರು. ಸಾಲಿನಲ್ಲಿದ್ದವರೆಲ್ಲ ನೋಡಿದರು. ಅವರು ತೀರಿಕೊಂಡು ಎಷ್ಟು ಕಾಲವಾದರೂ ಆ ತಿರುಗಿದ ಮುಖ ಮಾತ್ರ ಇವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಮಗಳನ್ನು ಕೊಟ್ಟರೂ ನನ್ನನ್ನು ಒಪ್ಪಲಿಲ್ಲ.

ಮಧ್ಯಾಹ್ನ ಅವನು ಶೆಡ್ಡಿನ ಬಾಗಿಲು ತೆಗೆದು ಒಳಗೆ ನೋಡಿದ. ಬಕೆಟ್ಟಿನ ಹಿಂದೆ, ಗೋಣಿ ಹೊದೆದುಕೊಂಡು, ಕಳ್ಳತನದಲ್ಲಿ ತಂದಿಟ್ಟ ಬಿಳಿ ಫ್ಲಾಕ್ಸ್. ಗುರುವಾರ ಬ್ಯಾಲರಾಟಿನ ನರ್ಸರಿಯಿಂದ ತಂದದ್ದು. ಹೆಸರಿನ ಚೀಟಿ ಕಿತ್ತು ಹಾಕಿದ್ದ, ಕುಂಡ ಬದಲಿಸಿದ್ದ, ಹಳೆಯದಾಗಿ ಕಾಣಲೆಂದು ಎಲೆಗಳಿಗೆ ಸ್ವಲ್ಪ ಧೂಳು ಸವರಿದ್ದ. ಪ್ರತಿ ಹೂವಿನ ನಡುವೆ ಇರುವ ಗುಲಾಬಿ ಕಣ್ಣು ಮಾತ್ರ ಏನು ಮಾಡಿದರೂ ಹೋಗುವುದಿಲ್ಲ. ಅತ್ತೆಯ ಗಿಡಕ್ಕೆ ಕಣ್ಣಿರಲಿಲ್ಲ, ಅಪ್ಪಟ ಬಿಳಿ. ಬೆರಿಲ್‌ಗೆ ಮೊದಲಿನ ಕಣ್ಣಿಲ್ಲ, ದಪ್ಪ ಕನ್ನಡಕ, ಸಂಜೆ ಬಂದರೆ ಕಾಣಲಿಕ್ಕಿಲ್ಲ ಎಂದುಕೊಂಡ. ಅಂದುಕೊಂಡಾಗ ತಾನೆಂಥವನು ಎಂದು ನಾಚಿಕೆಯಾಯಿತು. ನೊರೀನ್ ಹೋದ ದಿನ ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಇದೇ ಬೆರಿಲ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಕೈಚೀಲದ ಬಾಯಿ ತೆಗೆಯುತ್ತ ಹಾಕುತ್ತ, ಟಕ್ ಟಕ್. ಚಿಕ್ಕ ವಯಸ್ಸಿನ ಡಾಕ್ಟರು ಬಂದರು, ಮೊಣಕಾಲೂರಿ ಕೂತರು, ಮೆಲ್ಲಗೆ ಹೇಳಿದರು. ಕ್ಲೆಮ್ ಎದ್ದು ನಿಂತು ಕೈ ಚಾಚಿ, ‘ಥ್ಯಾಂಕ್ಸ್. ಬಹಳ ಥ್ಯಾಂಕ್ಸ್’ ಎಂದ. ಟಕ್ ಟಕ್ ನಿಂತುಹೋಯಿತು. ಬೆರಿಲ್ ತಲೆಯೆತ್ತಿ ನೋಡಿದಳು. ಆಮೇಲೆ ಮಣ್ಣು ಮಾಡುವಾಗಲೂ, ಊಟಕ್ಕೆ ಕೂತಾಗಲೂ, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ಕ್ರಿಸ್‌ಮಸ್ಸಿಗೆ ಕಾರ್ಡು ಬಂತು, ಅವಳು ಬರಲಿಲ್ಲ.

ನಾಲ್ಕಕ್ಕೆ ಅವಳ ಪುಟ್ಟ ಹಸಿರು ಕಾರು ಗೇಟಿಗೆ ಸ್ವಲ್ಪವೇ ತಾಗಿ ನಿಂತಿತು.

‘ಗೇಟು ಮೊದಲು ಅಲ್ಲಿರಲಿಲ್ಲ’ ಎಂದಳು ಬೆರಿಲ್, ಇಳಿಯುತ್ತ.

‘ಮೂವತ್ತು ವರ್ಷದಿಂದ ಅಲ್ಲೇ ಇದೆ.’

‘ಹಾಗಾದ್ರೆ ಕಾರು ದಪ್ಪ ಆಗಿರಬೇಕು. ತಗೋ, ಲ್ಯಾಮಿಂಗ್ಟನ್. ನಾನು ಮಾಡಿದ್ದಲ್ಲ, ಧೈರ್ಯವಾಗಿ ತಿನ್ನು.’

‘ಥ್ಯಾಂ…’

‘ಕೇಕಿಗೆ ಹೇಳಬಹುದು ಕಣೋ. ಕೇಕು ಆಗಲೇ ಸತ್ತಿರುತ್ತೆ.’

ಅವಳು ಮನೆಯೊಳಗೆ ಬರದೆ ನೇರ ಹಿತ್ತಿಲಿಗೆ ಹೋದಳು. ಅವಳಮ್ಮನದೇ ನಡಿಗೆ. ಕೆನ್ನೇರಳೆ ಗುಂಪಿನ ಮುಂದೆ ನಿಂತಳು, ಕನ್ನಡಕ ಏರಿಸಿದಳು, ಬಗ್ಗಿ ಮೂಸಿದಳು. ಕ್ಲೆಮ್ ಹಿಂದೆ ನಿಂತು ಹ್ಞೂಂ ಬರುತ್ತದೆಂದು ಕಾದ. ಬರಲಿಲ್ಲ.

‘ಕ್ಲೂನ್ಸ್‌ವರೆಗೂ ಬಂತು ನಿನ್ನ ಗಿಡದ ಸೂತಕ’ ಎಂದಳು. ‘ಬಟ್ಟೆ ಅಂಗಡಿಯವಳು ನನ್ನ ಕೈ ಹಿಡ್ಕೊಂಡು ಅತ್ತಳು. ಎಲ್ಲಿದೆ ಸಲಿಕೆ?’

‘ಶೆಡ್ಡಲ್ಲಿ. ಇರು, ನಾನೇ…’ ಎನ್ನುವಷ್ಟರಲ್ಲಿ ಅವಳು ಶೆಡ್ಡಿನೊಳಗಿದ್ದಳು. ಬಕೆಟ್ಟು ಉರುಳಿದ ಸದ್ದಾಯಿತು. ಆಮೇಲೆ ಒಳಗಿನಿಂದ, ‘ಕ್ಲೆಮ್, ಗೋಣಿ ಹೊದ್ಕೊಂಡು ಕೂತಿದ್ದಾಳಲ್ಲ, ಇವಳ್ಯಾರು?’

ಅವನಿಗೆ ಕಿವಿಯವರೆಗೂ ಬಿಸಿಯಾಯಿತು. ಸುಳ್ಳು ತುದಿ ನಾಲಗೆಯಲ್ಲಿತ್ತು: ಅದೇ ಕಣೇ, ಅಮ್ಮನದು, ಒಂದು ತುಂಡು ತೆಗೆದಿಟ್ಟಿದ್ದೆ. ಬೆರಿಲ್ ಕುಂಡ ಹಿಡಿದುಕೊಂಡು ಹೊರಗೆ ಬಂದಳು. ಎಲೆಯ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿ ನೋಡಿದಳು. ಬಿಸಿಲಲ್ಲಿ ಗುಲಾಬಿ ಕಣ್ಣುಗಳೆಲ್ಲ ಒಟ್ಟಿಗೆ ಅವನನ್ನೇ ನೋಡಿದವು.

‘ನರ್ಸರಿಯಿಂದ ತಂದೆ’ ಎಂದ ಕ್ಲೆಮ್. ‘ನಿಂಗೆ ಕೊಟ್ಟು, ಅಮ್ಮನದು ಅಂತ ಹೇಳೋಣ ಅಂತಿದ್ದೆ. ಅಮ್ಮನದು ಸತ್ತುಹೋಯ್ತು ಬೆರಿಲ್. ಸೂತಕವೂ ಇಲ್ಲ, ಮಣ್ಣೂ ಇಲ್ಲ. ಆ ವರ್ಷ ನಾನು ತಲೆ ಕತ್ತರಿಸಲಿಲ್ಲ. ಅವಳ ಕತ್ತರಿ ಮುಟ್ಟೋಕಾಗಲಿಲ್ಲ. ಇವೆಲ್ಲ ಬೀಜಕ್ಕೆ ಹುಟ್ಟಿದವು. ನಾನೇ ಸಾಯಿಸಿದೆ. ಮೊದಲು ಬಾಯಲ್ಲಿ ಸಾಯಿಸೋಕೆ ನೋಡಿದೆ, ಆಗಲಿಲ್ಲ. ಆಮೇಲೆ ಕೈಯಲ್ಲಿ.’

ಬೆರಿಲ್ ಮೆಟ್ಟಿಲ ಮೇಲೆ ಕೂತಳು, ಕ್ಲೆಮ್ ಕೂರುವ ಜಾಗದಲ್ಲೇ. ಕುಂಡವನ್ನು ಮೊಮ್ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡಳು. ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡ. ನಗುತ್ತಿದ್ದಳು.

‘ಆಗಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ?’

‘ಏನು?’

‘ಬಾಯಲ್ಲಿ. ಆಗಿತ್ತು ಕಣೋ! ಅಮ್ಮ ಕೈಯಾರೆ ಕೊಟ್ಟಿದ್ದು ಆ ಚಳಿಗಾಲವೇ ಸತ್ತಿತ್ತು. ವಸಂತ ಬಂದ್ರೂ ಏಳಲಿಲ್ಲ. ನೊರೀನ್ ಫೋನ್ ಮಾಡಿ ಗೋಳೋ ಅಂತ ಅತ್ತಳು. ಅವನಿಗೆ ಗೊತ್ತಾದ್ರೆ ಕೊರಗ್ತಾನೆ, ಜೀವಮಾನ ಪೂರ್ತಿ ಇನ್ನೊಂದು ಮಾತಾಡಲ್ಲ ಅಂತ. ಅಮ್ಮ ಇನ್ನೊಂದು ಬುಡ ಅಗೆದು ಗಂಟು ಕಟ್ಕೊಂಡು ಬೆಳಗಿನ ಬಸ್ಸಿಗೆ ಬಂದು, ನೀನು ಕಿಟಕಿ ಹಿಂದೆ ಅಂಚೆಚೀಟಿ ಹರೀತಿರೋವಾಗ ಇಲ್ಲಿ ನೆಟ್ಟು, ಊಟಕ್ಕೆ ನೀನು ಮನೆಗೆ ಬರೋದ್ರೊಳಗೆ ಬಸ್ ಹತ್ತಿದ್ಲು. ಕೊಡೋದೇ ಬೇಡ, ಕೊಟ್ರೆ ತಾನೇ ಅವನು ಬಾಯಿ ಬಿಡೋದು, ಅಂದ್ಲು. ನೀನು ನೋಡಿಬಿಟ್ಟೆ, ಕೈ ಬೀಸಿದೆ ಅಂತ ಮನೆಗೆ ಬಂದು ಎಷ್ಟು ಹೆದರಿದ್ಲು ಗೊತ್ತಾ? ಬೂಟಿನ ಕೆಸರು ಕಂಡನೋ ಏನೋ ಅಂತ.’

ಕ್ಲೆಮ್‌ನ ಕಣ್ಣ ಮುಂದೆ ಬಸ್ ನಿಲ್ದಾಣದಲ್ಲಿ ಮುಖ ತಿರುಗಿಸಿ ನಿಂತಿದ್ದ ಹೆಂಗಸು ಇಷ್ಟು ಕಾಲದ ಮೇಲೆ ನಿಧಾನವಾಗಿ ಈ ಕಡೆ ತಿರುಗುತ್ತಿದ್ದಳು. ಆ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ಕದ್ದು ಸಿಕ್ಕಿಬೀಳಲಿದ್ದ ಹುಡುಗಿಯ ಮುಖ. ಹಾಗಾದರೆ ಆ ಹ್ಞೂಂ? ಪ್ರತಿ ಸಲ ಗಿಡ ನೋಡಿ, ಇವನ ಮುಖ ನೋಡಿ, ಇನ್ನೂ ಗೊತ್ತಾಗಿಲ್ಲ ಎಂದು ಸಮಾಧಾನಪಟ್ಟುಕೊಂಡು ಬಿಟ್ಟ ಉಸಿರೇ ಅದು?

‘ನಿನ್ನ ಮದುವೆ ದಿನವೂ ಅಂದಿದ್ದೆ’ ಎಂದಳು ಬೆರಿಲ್, ಈಗ ನಗು ಸ್ವಲ್ಪ ಕಡಿಮೆಯಾಗಿ. ‘ಚರ್ಚಿನ ಬಾಗಿಲಲ್ಲಿ. ನೊರೀನ್ ಕೈ ಹಿಡ್ಕೊಂಡು ಅಮ್ಮನ ಹತ್ರ ಬಂದು, ಥ್ಯಾಂಕ್ಸ್ ಮಿಸೆಸ್ ರೋ! ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಹುಡುಗಿ ಬೇರು ಬಿಡಲ್ಲ ಬಿಡು, ವರ್ಷದೊಳಗೆ ವಾಪಸ್ ಬರ್ತಾಳೆ ಅಂದ್ಲು. ಬಂದ್ಲಾ?’

‘ಇಲ್ಲ.’

‘ಇಲ್ಲ.’

ಬೇಲಿಯಾಚೆ ಹ್ಯಾಟು ಬಂದು ನಿಂತಿತ್ತು. ಇಬ್ಬರೂ ಅದನ್ನೇ ನೋಡಿದರು. ಹ್ಯಾಟು ನಾಚಿಕೊಂಡು ಕೆಳಗಿಳಿಯಿತು. ಕ್ಲೆಮ್ ಕೇಳಬಾರದೆಂದುಕೊಂಡ, ಕೇಳಿದ. ‘ಆಸ್ಪತ್ರೇಲಿ… ಆ ಹುಡುಗ ಡಾಕ್ಟರಿಗೆ ನಾನು ಅಂದದ್ದು. ನೀನು ನೋಡಿದೆ.’

ಬೆರಿಲ್ ಕುಂಡವನ್ನು ಕೆಳಗಿಟ್ಟಳು. ಕೈಚೀಲ ಪಕ್ಕದಲ್ಲಿತ್ತು, ಟಕ್ ಎಂದು ತೆಗೆದಳು, ಕರವಸ್ತ್ರ ಎಳೆದು ಕನ್ನಡಕ ಒರೆಸಿದಳು, ಬಹಳ ಹೊತ್ತು ಒರೆಸಿದಳು.

‘ಕೊಟ್ಟಾಗ ಹೇಳಿದ್ರೆ ಸಾಯುತ್ತೆ ಅಂತ ಅಮ್ಮ ಹೇಳ್ತಿದ್ಲು’ ಎಂದಳು. ‘ಕೊಟ್ಟೋನೇ ವಾಪಸ್ ತಗೊಂಡಾಗ ಹೇಳಿದ್ರೆ ಏನಾಗುತ್ತೆ ಅಂತ ಏನೂ ಹೇಳಿರಲಿಲ್ಲ. ಆವತ್ತು ನಾನು ಅದನ್ನೇ ಯೋಚಿಸ್ತಿದ್ದೆ ಕಣೋ. ಯಾರಾದ್ರೂ ಒಬ್ಬರು ಹೇಳಬೇಕಾಗಿತ್ತು. ನಂಗೆ ಬಾಯಿ ಬರಲಿಲ್ಲ. ನೀನು ಹೇಳಿದೆ.’ ಕನ್ನಡಕ ಹಾಕಿಕೊಂಡಳು. ‘ಹೋಗು, ಕಾರಿನ ಡಿಕ್ಕಿ ತೆಗಿ. ಬೀಗ ಇಲ್ಲ, ಕೆಳಗಿಂದ ಒದೀಬೇಕು.’

ಡಿಕ್ಕಿಯೊಳಗೆ, ಬಟ್ಟೆ ಒಗೆಯುವ ಹಳೆಯ ಟಬ್ಬಿನಲ್ಲಿ, ಬಿಳಿ ಫ್ಲಾಕ್ಸ್ ಕೂತಿತ್ತು. ಕಣ್ಣಿಲ್ಲದ ಅಪ್ಪಟ ಬಿಳಿ. ಮುಚ್ಚಳ ಎತ್ತಿದ ಕೂಡಲೇ ಲವಂಗದ ಹಾಲಿನ ವಾಸನೆ ಅವನ ಮುಖಕ್ಕೆ ಹೊಡೆಯಿತು. ಅವನು ಟಬ್ಬಿನ ಅಂಚು ಹಿಡಿದುಕೊಂಡು ಹಾಗೇ ಬಗ್ಗಿ ನಿಂತ. ಹಿಂದಿನಿಂದ ಬೆರಿಲ್ ಹೇಳುತ್ತಿದ್ದಳು, ‘ಗಿಡದ ಬುಡ ಸೀಳಿ ನೆಟ್ಟಾಗಲೆಲ್ಲ ನೊರೀನ್ ನಂಗೊಂದು ತುಂಡು ಕೊಡ್ತಿದ್ಲು, ನಿಂಗೆ ಗೊತ್ತಾಗದ ಹಾಗೆ. ಅವನ ಬಾಯಿ ನಂಬಕ್ಕಾಗಲ್ಲ ಅಕ್ಕಾ, ಒಂದು ನಿನ್ನ ಹತ್ರ ಇರಲಿ ಅಂತ. ನೆಡೋ ಕಾಲ ಅಲ್ಲ ಇದು, ಆದ್ರೆ ಟಬ್ಬಲ್ಲೇ ಬೆಳೆದದ್ದು, ಬೇರಿಗೆ ಗೊತ್ತಾಗಲ್ಲ. ಎರಡು ವಾರ ಬುಡ ಒಣಗಿಸಬೇಡ. ಏಯ್, ಮುಟ್ಟಬೇಡ! ನಾನೇ ಎತ್ಕೋತೀನಿ. ನಾನು ನಿಂಗೆ ಕೊಡ್ತಿಲ್ಲ, ತಿಳೀತಾ? ನನ್ನ ಗಿಡ ತಂದು ನನ್ನ ತಂಗಿ ಹಿತ್ತಿಲಲ್ಲಿ ನೆಡ್ತಿದ್ದೀನಿ. ನೀನು ಒಳಗೆ ಹೋಗಿ ಟೀ ಮಾಡು.’

ಅವನು ಒಳಗೆ ಹೋದ. ಅಡುಗೆಮನೆಯ ಕಿಟಕಿಯಿಂದ ನೋಡಿದ. ಭಾರವಾದ ಮುದುಕಿಯೊಬ್ಬಳು ಮೊಣಕಾಲೂರಿ, ನಡುವಿನ ಟೊಳ್ಳು ಬುಡವನ್ನು ಕಿತ್ತೆಸೆದು, ಆ ಜಾಗದಲ್ಲೇ ಬಿಳಿಯನ್ನು ಇಳಿಸುತ್ತಿದ್ದಳು. ಮರಿಗಳಲ್ಲಿ ಕೆಲವನ್ನು ಕಿತ್ತಳು, ಕೆಲವನ್ನು ಬಿಟ್ಟಳು. ಗೋಣಿ ಹೊದ್ದ ನರ್ಸರಿಯವಳಿಗೂ ಮೂಲೆಯಲ್ಲಿ ಒಂದು ಗುಂಡಿ ತೋಡಿದಳು. ಕಿಟಕಿಯ ಹಿಂದೆ ನಿಂತು ಜೀವಮಾನ ಕಳೆದವನು, ಕಿಟಕಿಯಾಚೆ ತನಗಾಗಿ ಏನೇನು ನಡೆಯುತ್ತಿತ್ತು ಎಂಬುದನ್ನು ಮೊದಲ ಸಲ ನೋಡುತ್ತ ನಿಂತ.

ಹೊರಡುವಾಗ ಬೆರಿಲ್ ಕಾರಿನ ಕಿಟಕಿ ಇಳಿಸಿದಳು. ಇಂಜಿನ್ ಶುರು ಮಾಡಿದಳು, ಹೋಗಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತಳು. ಕ್ಲೆಮ್ ತುಟಿಗಳನ್ನು ಬಿಗಿಹಿಡಿದು ನಿಂತ. ಆ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು, ಬಾಗಿಲು ಕೆರೆಯುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಬೆರಿಲ್ ಕಾದಳು.

‘ಗೇಟು ನೋಡ್ಕೊಂಡು ಹೋಗು’ ಎಂದ ಕ್ಲೆಮ್.

‘ಹ್ಞೂಂ’ ಎಂದಳು ಬೆರಿಲ್. ಗೇಟಿಗೆ ಇನ್ನೊಮ್ಮೆ ತಾಗಿಸಿ ಹೋದಳು.

ಸಂಜೆ ಮತ್ತೆ ಟೀಗೆ ಇಟ್ಟು, ಮೊಳೆಯಿಂದ ಕತ್ತರಿ ತೆಗೆದುಕೊಂಡು ಹಿತ್ತಿಲಿಗೆ ಇಳಿದ. ಬಾಡಿದ ತಲೆಗಳು ಒಂದೊಂದಾಗಿ ಬಕೆಟ್ಟಿಗೆ ಬಿದ್ದವು, ಕೆನ್ನೇರಳೆ, ಕೆನ್ನೇರಳೆ, ಒಂದು ಬಿಳಿ. ಒಳಗೆ ಕೆಟಲ್ ಟಕ್ಕೆಂದಿತು. ಅವನು ಬಾಯಿ ತೆರೆಯಲಿಲ್ಲ. ಗಿಡಕ್ಕೆ ಕೇಳಿಸೀತು.